ಮಿಸೆಸ್ ಬಾರ್ನೆಟ್‌ಗೆ ಸನ್ಮಾನ

ಜನವರಿ ಬಂತೆಂದರೆ ಎಲ್ಸಿ ಬಾರ್ನೆಟ್‌ಗೆ ಎಲ್ಲಿಲ್ಲದ ಬೇಡಿಕೆ. ನಾಜಿಗಳಿಗೆ ಬಲಿಯಾದ ಯಹೂದಿಗಳ ಸ್ಮರಣೆಯ ದಿನ ಬರುವುದು ಆ ತಿಂಗಳಲ್ಲೇ. ಉಳಿದ ಹನ್ನೊಂದು ತಿಂಗಳು ಮುದುಕಿ ಇದ್ದಾಳೋ ಹೋದಳೋ ಎಂದು ವಿಚಾರಿಸದ ಶಾಲೆಗಳು, ಲೈಬ್ರರಿಗಳು, ಕೌನ್ಸಿಲ್ ಕಚೇರಿಗಳು ಆ ಒಂದು ತಿಂಗಳು ಫೋನಿನ ಮೇಲೆ ಫೋನು ಮಾಡುತ್ತವೆ. ಹಿಟ್ಲರನ ಕೈಗೆ ಸಿಗದಂತೆ ರೈಲು ಹತ್ತಿಸಿ ಇಂಗ್ಲೆಂಡಿಗೆ ಸಾಗಿಸಿದ್ದ ಯಹೂದಿ ಮಕ್ಕಳ ಪೈಕಿ ಲಂಡನ್ನಿನ ಕ್ವೀನ್ಸ್‌ಬರಿಯ ಆಸುಪಾಸಿನಲ್ಲಿ ಒಂದು ಕಾಲಕ್ಕೆ ಆರು ಜನರಿದ್ದರು. ಈಗ ಉಳಿದಿರುವವಳು ಎಲ್ಸಿಯೊಬ್ಬಳೇ. ವಯಸ್ಸು ತೊಂಬತ್ತಮೂರು. ಕಿವಿ ಕೇಳುತ್ತದೆ, ಮೆಟ್ಟಿಲು ಹತ್ತುತ್ತಾಳೆ, ಎಲ್ಲಕ್ಕಿಂತ ಮುಖ್ಯವಾಗಿ ಕೊಟ್ಟ ಸಮಯಕ್ಕೆ ಸರಿಯಾಗಿ ಮಾತು ನಿಲ್ಲಿಸುತ್ತಾಳೆ. ಸಭೆ ನಡೆಸುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಅವಳ ಭಾಷಣ ಇಪ್ಪತ್ತು ನಿಮಿಷದ್ದು. ಮೂವತ್ತು ವರ್ಷದಿಂದ ಅದನ್ನೇ ಹೇಳಿ ಹೇಳಿ ಬಾಯಿಪಾಠವಾಗಿತ್ತು. ವಿಯೆನ್ನಾದ ಸ್ಟೇಷನ್ನು, ಕೊರಳಿಗೆ ಕಟ್ಟಿದ ನಂಬರಿನ ಚೀಟಿ, ರೈಲು, ಹಡಗು, ಮತ್ತೆ ರೈಲು. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಕಾದು ನಿಂತಿದ್ದ ಕಾರ್ಟರ್ ದಂಪತಿಗಳು. ಬಿಸಿ ಹಾಲು, ಜಾಮು ಸವರಿದ ಬ್ರೆಡ್ಡು, ಅವಳಿಗೆಂದೇ ಒಂದು ಹಾಸಿಗೆ. ಕೊನೆಗೆ, ‘ಈ ದೇಶಕ್ಕೆ ನಾನು ಚಿರಋಣಿ’ ಎಂಬ ಮಾತು. ಅಲ್ಲಿಗೆ ಬರುವಷ್ಟರಲ್ಲಿ ಟೀಚರಮ್ಮ ಕರವಸ್ತ್ರ ತೆಗೆದಿರುತ್ತಾಳೆ, ಕೌನ್ಸಿಲರ್ ಎದೆಯುಬ್ಬಿಸಿ ಕುಳಿತಿರುತ್ತಾನೆ. ತಾನು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲು ಯಾರೋ ಮಾಡಿದ ಉಪಕಾರಕ್ಕೆ ಅವನ ಮುಖದಲ್ಲಿ ಅಷ್ಟೊಂದು ಕಳೆ ಏಕೆಂದು ಎಲ್ಸಿಗೆ ಎಂದೂ ತಿಳಿದಿಲ್ಲ. ಆಮೇಲೆ ಮಕ್ಕಳ ಪ್ರಶ್ನೆಗಳು. ರೈಲಿನಲ್ಲಿ ಟಾಯ್ಲೆಟ್ ಇತ್ತಾ? ನಿಮ್ಮ ಮನೆಯಲ್ಲಿ ನಾಯಿ ಇತ್ತಾ? ನಿಮಗೆ ಹೇಗನ್ನಿಸಿತು?

ಭಾಷಣದಲ್ಲಿ ತಂದೆ ತಾಯಿಗೆ ಸಿಗುವುದು ಒಂದೂವರೆ ನಿಮಿಷ. ಅದರಲ್ಲಿ ಅವರಿಗೆ ಹೆಸರಿಲ್ಲ. ‘ನನ್ನ ತಂದೆ ತಾಯಿ ಬದುಕುಳಿಯಲಿಲ್ಲ’ ಎಂದು ಹೇಳಿ ಎಲ್ಸಿ ಒಂದು ಗುಟುಕು ನೀರು ಕುಡಿಯುತ್ತಾಳೆ. ಕೇಳುವವರೂ ಒಂದು ನಿಟ್ಟುಸಿರು ಬಿಟ್ಟು ಮುಂದಿನ ಹಾಲು ಬ್ರೆಡ್ಡಿಗೆ ಸಿದ್ಧರಾಗುತ್ತಾರೆ.

ಆ ಭಾಷಣದಲ್ಲಿ ಸುಳ್ಳೇನೂ ಇರಲಿಲ್ಲ. ಹೇಳದೆ ಬಿಟ್ಟದ್ದು ಬೇಕಾದಷ್ಟಿತ್ತು.

ಅವಳ ಅಪ್ಪ ವಿಯೆನ್ನಾದಲ್ಲಿ ಛತ್ರಿ ರಿಪೇರಿ ಮಾಡುತ್ತಿದ್ದ. ಅಮ್ಮ ಕೈಚೀಲ ಹೊಲಿಯುತ್ತಿದ್ದಳು. ಒಬ್ಬಳೇ ಮಗಳು, ಹೆಸರು ಎಲ್ಫ್ರೀಡ, ಮನೆಯಲ್ಲಿ ಫ್ರೀಡ್ಲ್. ೧೯೩೯ರ ಏಪ್ರಿಲ್‌ನಲ್ಲಿ ಏಳು ವರ್ಷದ ಫ್ರೀಡ್ಲ್ ರೈಲು ಹತ್ತಿದಳು. ಪಿನ್ನರ್‌ನ ಹೆರಾಲ್ಡ್ ಮತ್ತು ವಿನಿಫ್ರೆಡ್ ಕಾರ್ಟರ್ ಮನೆಯೊಳಗೆ ಕಾಲಿಟ್ಟವಳು ಎಲ್ಸಿ. ಎಲ್ಫ್ರೀಡ ಎನ್ನಲು ವಿನಿಫ್ರೆಡ್‌ಗೆ ನಾಲಿಗೆ ಹೊರಳುತ್ತಿರಲಿಲ್ಲವಂತೆ. ಹೊರಳಿಸಲು ಪ್ರಯತ್ನಪಟ್ಟದ್ದನ್ನು ಯಾರೂ ನೋಡಲಿಲ್ಲ.

ಅದೇ ಜುಲೈನಲ್ಲಿ ಅಮ್ಮನಿಂದ ವಿನಿಫ್ರೆಡ್‌ಗೆ ಒಂದು ಕಾಗದ ಬಂತು. ನಿಘಂಟು ಮುಂದಿಟ್ಟುಕೊಂಡು ಬರೆದ ಹರಕುಮುರುಕು ಇಂಗ್ಲಿಷು. ನಾನು ಅಡುಗೆ ಚೆನ್ನಾಗಿ, ಹೊಲಿಗೆ ಚೆನ್ನಾಗಿ, ನನ್ನ ಗಂಡ ತೋಟ ನೋಡಿಕೊಳ್ಳುವ, ಸಂಬಳ ಬೇಡ, ಮಹಡಿ ಮೇಲಿನ ಚಿಕ್ಕ ಕೋಣೆ ಸಾಕು. ಆಗ ಕೆಲಸದವರನ್ನು ಕರೆಸಿಕೊಳ್ಳಲು ವೀಸಾ ಸಿಗುತ್ತಿತ್ತು. ಇಲ್ಲಿನ ಮನೆಯವರೊಬ್ಬರು ಕಾಗದಕ್ಕೆ ಸಹಿ ಹಾಕಿದರೆ ಅರ್ಧ ಕೆಲಸ ಆದಂತೆ. ವಿನಿಫ್ರೆಡ್ ಕಾಗದ ಓದಿ ಮಡಚಿಟ್ಟು, ‘ಆದರೆ ನಮಗೆ ಈಗಾಗಲೇ ಒಬ್ಬ ಕೆಲಸದವಳಿದ್ದಾಳಲ್ಲ’ ಎಂದಳು. ಆರು ವಾರಕ್ಕೆ ಯುದ್ಧ ಶುರುವಾಯಿತು. ಆಮೇಲೆ ರೆಡ್ ಕ್ರಾಸ್ ಮೂಲಕ ಬಂದ ಇಪ್ಪತ್ತೈದು ಪದಗಳ ಚೀಟಿಗಳು, ಆಮೇಲೆ ಅದೂ ಇಲ್ಲ. ೧೯೪೨ರ ಮೇ ತಿಂಗಳಲ್ಲಿ ವಿಯೆನ್ನಾದಿಂದ ಯಹೂದಿಗಳನ್ನು ಕೊಲ್ಲಲು ಮಿನ್ಸ್ಕ್ ಕಡೆಗೆ ಸಾಗಿಸಿದ ರೈಲಿನ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತೆಂದು ಎಲ್ಸಿಗೆ ಗೊತ್ತಾಗುವ ಹೊತ್ತಿಗೆ ಅವಳಿಗೆ ಅರವತ್ತು ದಾಟಿತ್ತು.

ಕಾರ್ಟರ್ ದಂಪತಿಗಳು ಕೆಟ್ಟವರಾಗಿದ್ದರೆ ಶಪಿಸಿ ಕೈತೊಳೆದುಕೊಳ್ಳಬಹುದಿತ್ತು. ಹಾಳಾದವರು ಒಳ್ಳೆಯವರಾಗಿದ್ದರು. ಶೂ ಕೊಡಿಸಿದರು, ಶಾಲೆಗೆ ಹಾಕಿದರು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವವಳು ಕೃತಘ್ನಳಾಗುತ್ತಾಳೆ. ನಿರಾಶ್ರಿತರಿಗೆ ಈ ದೇಶದಲ್ಲಿ ಬೇರೆ ಯಾವ ಅಪರಾಧಕ್ಕಾದರೂ ಕ್ಷಮೆ ಸಿಗಬಹುದು, ಅದೊಂದಕ್ಕೆ ಇಲ್ಲ. ಹಾಗಾಗಿ ಎಲ್ಸಿ ಸಿಟ್ಟನ್ನು ನುಂಗಿಕೊಂಡು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಳು, ಸಿಡ್ ಬಾರ್ನೆಟ್ ಎಂಬ ಬಸ್ ಡ್ರೈವರನನ್ನು ಮದುವೆಯಾದಳು, ಕ್ವೀನ್ಸ್‌ಬರಿಯ ಈ ಮನೆಗೆ ಬಂದಳು. ಮಕ್ಕಳಾಗಲಿಲ್ಲ. ಸಿಡ್ ಐವತ್ತು ವರ್ಷ ಜೊತೆಗಿದ್ದು ಅವಳ ಅಪ್ಪನ ಹೆಸರನ್ನು ಒಮ್ಮೆಯೂ ಕೇಳದೆ ತೀರಿಕೊಂಡ. ನೋವಾದೀತೆಂದು ಕೇಳಲಿಲ್ಲವಂತೆ. ಇಂಗ್ಲಿಷರ ಸೂಕ್ಷ್ಮತೆ ಎಂದರೆ ಅದು.

ಪಕ್ಕದ ಮನೆಯ ಕೃಷ್ಣವೇಣಿಗೆ ಅಂಥ ಸೂಕ್ಷ್ಮತೆಯ ಸೋಂಕೇನೂ ಇರಲಿಲ್ಲ. ಮೈಸೂರಿನ ಹೆಣ್ಣುಮಗಳು, ಅರಿವಳಿಕೆ ಕೊಡುವ ಡಾಕ್ಟರಾಗಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಎದುರಿಗಿದ್ದವರೆಲ್ಲ ನಿದ್ದೆ ಹೋಗುತ್ತಿದ್ದ ಕೆಲಸದಲ್ಲಿ ಉಳಿದುಹೋದ ಮಾತನ್ನೆಲ್ಲ ಈಗ ಬಡ್ಡಿ ಸಮೇತ ಆಡಿ ತೀರಿಸುತ್ತಿದ್ದಳು. ಮಂಗಳವಾರಕ್ಕೊಮ್ಮೆ ಡಬ್ಬಿಯಲ್ಲಿ ಬಿಸಿಬೇಳೆಬಾತು ತಂದು ಎಲ್ಸಿಯ ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಎಲ್ಸಿ ಖಾರವೆಂದು ಬೈದುಕೊಂಡು ಪೂರ್ತಿ ತಿನ್ನುತ್ತಿದ್ದಳು.

ಈ ಕೃಷ್ಣವೇಣಿ ‘ಸಿರಿಗಂಧ ಕನ್ನಡ ಕೂಟ’ದ ಕಾರ್ಯಕಾರಿ ಸಮಿತಿಯಲ್ಲಿದ್ದಳು. ಕೂಟಕ್ಕೆ ಹದಿನಾಲ್ಕು ವರ್ಷದಿಂದ ಒಬ್ಬರೇ ಅಧ್ಯಕ್ಷರು, ಧಾರವಾಡದ ಡಾಕ್ಟರ್ ಮಹಾಲಿಂಗಪ್ಪನವರು. ಮೂಳೆ ಜೋಡಿಸುವುದರಲ್ಲಿ ಎತ್ತಿದ ಕೈ. ಕುರ್ಚಿಗೆ ತಮ್ಮನ್ನು ಜೋಡಿಸಿಕೊಂಡದ್ದೂ ಅದೇ ಕೈಚಳಕದಿಂದ. ಆ ವರ್ಷ ರಾಜ್ಯೋತ್ಸವಕ್ಕೆ ಹಾಲ್ ಬೇಕೆಂದು ಕೌನ್ಸಿಲ್‌ಗೆ ಅರ್ಜಿ ಹಾಕುವಾಗ ಅದರಲ್ಲೊಂದು ಕಲಂ ಇತ್ತು: ಇತರ ಸಮುದಾಯಗಳೊಂದಿಗೆ ನಿಮ್ಮ ಬಾಂಧವ್ಯವನ್ನು ವಿವರಿಸಿ. ಸಮಿತಿ ಒಂದು ತಾಸು ತಲೆ ಕೆರೆದುಕೊಂಡಿತು. ಇತರ ಸಮುದಾಯಗಳೊಂದಿಗೆ ಅವರ ಬಾಂಧವ್ಯವೆಂದರೆ ಪಾರ್ಕಿಂಗ್ ವಿಷಯದಲ್ಲಿ ಗುಜರಾತಿಗಳೊಂದಿಗೆ ಆದ ಜಗಳ ಮಾತ್ರ. ಆಗ ಕೃಷ್ಣವೇಣಿ ಎಲ್ಸಿಯ ಹೆಸರೆತ್ತಿದಳು.

“ಭೇಷ್! ಅಮ್ಮಾರಿಗೆ ಒಂದು ಸನ್ಮಾನ ಮಾಡೇಬಿಡೂಣು,” ಎಂದರು ಮಹಾಲಿಂಗಪ್ಪನವರು.

ಸನ್ಮಾನವೆಂದರೆ ಕೂಟದವರಿಗೆ ಹಬ್ಬದಡುಗೆಗಿಂತ ಹೆಚ್ಚು. ಮೈಸೂರು ಪೇಟ, ಜರಿ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಅಭಿನಂದನಾ ಪತ್ರ. ಹೋದ ವರ್ಷ ಮಾಡಿಸಿಕೊಂಡವರು ಈ ವರ್ಷ ಮಾಡುವವರಾಗಿ, ಶಾಲುಗಳು ಹ್ಯಾರೋದಿಂದ ಕ್ರೋಯ್ಡನ್‌ವರೆಗೂ ಮನೆಯಿಂದ ಮನೆಗೆ ಸುತ್ತುತ್ತಿದ್ದವು. ಹೊರಗಿನವರೊಬ್ಬರ ಹೆಗಲು ಸಿಕ್ಕಿದ್ದು ಎಲ್ಲರಿಗೂ ಹೊಸ ಹುರುಪು ತಂದಿತು.

ಪತ್ರ ಬರೆಯುವ ಹೊಣೆ ರುದ್ರೇಶನದು. ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಕೆಲಸದವನು, ನಲವತ್ತರ ಆಸುಪಾಸು. ಕೂಟದಲ್ಲಿ ಕನ್ನಡ ಟೈಪಿಂಗ್ ಬರುವವನು ಅವನೊಬ್ಬನೇ ಆದ್ದರಿಂದ ಸಾಹಿತಿ ಎನಿಸಿಕೊಂಡಿದ್ದ. ಅಕ್ಟೋಬರ್‌ನ ಒಂದು ಶನಿವಾರ ಅವನು, ಮಹಾಲಿಂಗಪ್ಪನವರು, ಕೃಷ್ಣವೇಣಿ ಮೂವರೂ ಎಲ್ಸಿಯ ಮನೆಗೆ ವಿವರ ಬರೆದುಕೊಳ್ಳಲು ಬಂದರು. ಎಲ್ಸಿ ಇಪ್ಪತ್ತು ನಿಮಿಷದ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡಳು. ಟಾಯ್ಲೆಟ್ಟಿನ ಪ್ರಶ್ನೆಗೂ ಸಿದ್ಧಳಿದ್ದಳು.

ರುದ್ರೇಶ ಲ್ಯಾಪ್‌ಟಾಪ್ ತೆರೆದು ಇಂಗ್ಲಿಷಿನಲ್ಲಿ ಮೊದಲ ಪ್ರಶ್ನೆ ಕೇಳಿದ: “ತಂದೆ ಹೆಸರೇನಮ್ಮ?”

ಎಲ್ಸಿ ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆ ತಳ್ಳಿದಳು.

“ತಾಯಿ ಹೆಸರು? ಹುಟ್ಟಿದೂರು?” ಎಂದು ಅವನು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕಾದ.

ಅವನದೇನೂ ವಿಶೇಷ ಕರುಣೆಯಲ್ಲ. ಅಭಿನಂದನಾ ಪತ್ರ ಯಾವುದಿದ್ದರೂ ಅದರ ಮೊದಲ ಸಾಲು ಒಂದೇ: ಇಂಥವರ ಮತ್ತು ಇಂಥವರ ಸುಪುತ್ರರಾಗಿ ಇಂಥಲ್ಲಿ ಜನಿಸಿದ ತಾವು. ತಂದೆ, ತಾಯಿ, ಊರಿನ ಹೆಸರು ಬರೆಯದೆ ಕನ್ನಡದಲ್ಲಿ ಯಾರಿಗೂ ಶಾಲು ಹೊದಿಸಲು ಬರುವುದಿಲ್ಲ. ಆದರೆ ಎಲ್ಸಿಗೆ ಅದು ಹೇಗೆ ಗೊತ್ತಿರಬೇಕು? ಎಂಬತ್ತಾರು ವರ್ಷದಲ್ಲಿ ಹೇಗನ್ನಿಸಿತು ಎಂದು ಸಾವಿರ ಜನ ಕೇಳಿದ್ದರು, ಯಾರ ಮಗಳು ಎಂದು ಕೇಳಿರಲಿಲ್ಲ. ಹೆಸರುಗಳು ಗಂಟಲಿನವರೆಗೂ ಬಂದವು. ಅಷ್ಟು ವರ್ಷ ಹೇಳದ ಹೆಸರನ್ನು ಈಗ ಬಾಯಿಬಿಟ್ಟರೆ ಎಲ್ಲಿ ಅತ್ತುಬಿಡುತ್ತೇನೋ, ಅದೂ ಬಿಸ್ಕತ್ತು ತಿನ್ನುತ್ತ ಕೂತ ಮೂಳೆ ಡಾಕ್ಟರರ ಎದುರಿಗೆ, ಎಂದು ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

“ಎಲ್ಲ ಇದರಲ್ಲಿದೆ, ನೋಡಿ ಬರ್ಕೊಳ್ಳಿ,” ಎಂದು ಕೌನ್ಸಿಲ್‌ನವರು ಅಚ್ಚು ಹಾಕಿಸಿದ್ದ ಕರಪತ್ರವನ್ನು ಅವನ ಕೈಗೆ ಕೊಟ್ಟುಬಿಟ್ಟಳು.

ಕರಪತ್ರದಲ್ಲಿ ಹಾಲು ಬ್ರೆಡ್ಡು ಇತ್ತು, ಕಾರ್ಟರ್ ದಂಪತಿಗಳ ಫೋಟೋ ಇತ್ತು. ಬೇರೆ ಯಾವ ದಂಪತಿಗಳ ಹೆಸರೂ ಇರಲಿಲ್ಲ. ಮೊದಲ ಸಾಲು ಖಾಲಿ ಬಿಡುವ ಧೈರ್ಯ ರುದ್ರೇಶನಿಗಿರಲಿಲ್ಲ. ಸಿಕ್ಕಿದ್ದನ್ನು ತುಂಬಿದ.

ಕಾರ್ಯಕ್ರಮಕ್ಕೆ ಎರಡು ದಿನವಿದೆ ಎನ್ನುವಾಗ ಕೃಷ್ಣವೇಣಿ ಫೋನಿನಲ್ಲಿ ಪತ್ರದ ಚಿತ್ರ ಹಿಡಿದುಕೊಂಡು ಓಡಿಬಂದಳು. ಬೆಂಗಳೂರಿನಲ್ಲಿ ರೇಷ್ಮೆ ಬಟ್ಟೆಯ ಮೇಲೆ ಬಂಗಾರದ ಅಕ್ಷರದಲ್ಲಿ ಅಚ್ಚಾಗಿ, ಚೌಕಟ್ಟು ಸಮೇತ ಕೊರಿಯರ್‌ನಲ್ಲಿ ಬಂದಿತ್ತು. ಅವಳು ಹಿಗ್ಗಿನಿಂದ ಒಂದೊಂದೇ ಸಾಲು ಓದಿ ಇಂಗ್ಲಿಷಿನಲ್ಲಿ ಅರ್ಥ ಹೇಳತೊಡಗಿದಳು. “ಶ್ರೀಯುತ ಹೆರಾಲ್ಡ್ ಕಾರ್ಟರ್ ಹಾಗೂ ಶ್ರೀಮತಿ ವಿನಿಫ್ರೆಡ್ ಕಾರ್ಟರ್ ದಂಪತಿಗಳ ಮಗಳಾಗಿ ಹುಟ್ಟಿದ...”

ಎಲ್ಸಿ ಕಪ್ಪನ್ನು ಕೆಳಗಿಟ್ಟಳು. “ಯಾರ ಮಗಳಾಗಿ?”

ಕೃಷ್ಣವೇಣಿ ಮತ್ತೆ ಓದಿದಳು. ಓದುತ್ತಿದ್ದಂತೆ ಅವಳ ದನಿ ತಾನಾಗಿ ಸಣ್ಣದಾಯಿತು. ಅಂದು ಎಲ್ಸಿ ಕೆಲಸದವಳ ವೀಸಾದ ಕಥೆಯನ್ನು, ಆ ಕಾಗದವನ್ನು, ವಿನಿಫ್ರೆಡ್ ಕೊಟ್ಟ ಉತ್ತರವನ್ನು ಮೊದಲ ಸಲ ಇನ್ನೊಬ್ಬರಿಗೆ ಹೇಳಿದಳು. ಹೇಳಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಕೃಷ್ಣವೇಣಿ ಪತ್ರದ ಚಿತ್ರವಿದ್ದ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಲ್ಲಿಂದಲೇ ಅಧ್ಯಕ್ಷರಿಗೆ ಫೋನ್ ಹಚ್ಚಿದಳು.

“ಸರ್, ಮೊದಲನೇ ಸಾಲೇ ತಪ್ಪಾಗಿದೆ. ಅವರು ಅಪ್ಪ ಅಮ್ಮ ಅಲ್ಲ ಕಣ್ರೀ, ಸಾಕಿದವರು. ಬದಲಾಯಿಸಲೇಬೇಕು.”

“ಈಗೆಲ್ಲಿ ಬದಲಾಯಿಸ್ತೀರಿ? ಫ್ರೇಮ್ ಆಗಿ ಬಂದದ,” ಎಂದರು ಅವರು. “ಸಾಕಿದವರೂ ತಂದಿ ತಾಯಿ ಇದ್ದಂಗಲ್ರಿ? ಮತ್ತ ಕೌನ್ಸಿಲರ್‌ಗೇನು ಕನ್ನಡ ತಿಳೀತದ? ನಮ್ಮ ಮಂದಿ ಅಂತೂ ಪತ್ರ ಓದೂ ಮುಂದ ಊಟದ ಪಾಳಿ ನೋಡ್ತಿರ್ತಾರ. ಮುಂದಿನ ವರ್ಷ ತಿದ್ದಿ ಕೊಡೂಣು ಅಂತ ಹೇಳ್ರಿ.”

ಕೃಷ್ಣವೇಣಿ ಅದನ್ನು ಹೇಳಲೋ ಬೇಡವೋ ಎಂದು ಹೇಳಿದಳು. ಎಲ್ಸಿ ನಕ್ಕಳು. “ಮುಂದಿನ ವರ್ಷ ನನಗೆ ತೊಂಬತ್ತನಾಲ್ಕು. ನಿಮ್ಮ ಅಧ್ಯಕ್ಷರು ಡಾಕ್ಟರ್ ತಾನೆ? ಅವರ ಪೇಷೆಂಟುಗಳ ಗತಿ ನೆನೆಸಿಕೊಂಡ್ರೆ ಭಯ ಆಗುತ್ತೆ.”

“ನೀವು ಬರೋದೇ ಬೇಡ ಬಿಡಿ ಎಲ್ಸಿ. ಹುಷಾರಿಲ್ಲ ಅಂತ ನಾನು ಹೇಳ್ತೀನಿ.”

“ಬರ್ತೀನಿ,” ಎಂದಳು ಎಲ್ಸಿ. “ಅವನು ಕೇಳಿದಾಗ ಬಾಯಿಬಿಡದೆ ಕೂತವಳು ನಾನು. ಮೂವತ್ತು ವರ್ಷ ಊರೂರಲ್ಲಿ ಹಾಗೇ ಹೇಳ್ಕೊಂಡು ತಿರುಗಿದವಳೂ ನಾನೇ. ಆ ಹುಡುಗ ಬರೆದದ್ದು ನಾನು ಹೇಳಿಕೊಟ್ಟದ್ದನ್ನೇ.”

ಆದರೂ ಆ ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಅಪ್ಪ ಅಮ್ಮನಿಗೆ ಸಮಾಧಿಯಿಲ್ಲ, ಕಲ್ಲಿಲ್ಲ. ಅವರ ಹೆಸರು ಬರೆದ ಕಾಗದವೆಂದರೆ ಮಿನ್ಸ್ಕ್‌ಗೆ ಕಳಿಸಿದವರು ಮಾಡಿದ ಪಟ್ಟಿಯೊಂದೇ. ಈಗ ಬಂಗಾರದ ಅಕ್ಷರದಲ್ಲಿ, ಹಾರ ಹಾಕಿ, ಚಪ್ಪಾಳೆಯೊಂದಿಗೆ, ಅವರಿದ್ದ ಜಾಗದಲ್ಲಿ ವಿನಿಫ್ರೆಡ್‌ಳನ್ನು ಕೂರಿಸಲಾಗುತ್ತಿತ್ತು. ಈ ಸಲ ತಾನು ಸುಮ್ಮನಿದ್ದರೆ ಮತ್ತೆ ಹೇಳಲು ಯಾರೂ ಇರುವುದಿಲ್ಲ ಎಂಬುದು ಎಲ್ಸಿಗೆ ಗೊತ್ತಿತ್ತು.

ಮೂರು ಗಂಟೆಯ ಕಾರ್ಯಕ್ರಮ ಪದ್ಧತಿಯಂತೆ ನಾಲ್ಕೂ ನಲವತ್ತಕ್ಕೆ ಶುರುವಾಯಿತು. ನಾಡಗೀತೆಯಾಯಿತು, ಮಕ್ಕಳ ನೃತ್ಯವಾಯಿತು, ಅಧ್ಯಕ್ಷರು ‘ಎರಡೇ ಮಾತು’ ಎಂದು ಇಪ್ಪತ್ತೈದು ನಿಮಿಷ ತೆಗೆದುಕೊಂಡರು. ಕೌನ್ಸಿಲರ್ ಮೂರು ಸಲ ನಮಸ್ಕಾರ ಮಾಡಿ ಮೂರು ಸಲವೂ ಚಪ್ಪಾಳೆ ಗಿಟ್ಟಿಸಿದ. ಆಮೇಲೆ ಎಲ್ಸಿಯನ್ನು ನಡುವಿನ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಪೇಟ ಯಾವನೋ ದೊಡ್ಡ ತಲೆಯವನ ಅಳತೆಯದು, ಹುಬ್ಬಿನವರೆಗೂ ಇಳಿಯಿತು. ಶಾಲು ಬಿತ್ತು, ಹಾರ ಬಿತ್ತು, ಬಾಳೆಹಣ್ಣು ಅನಾನಸ್ಸಿನ ಬುಟ್ಟಿ ತೊಡೆಯ ಮೇಲೆ ಬಂದು ಕೂತಿತು. ಅವಳು ಎಲ್ಲೋ ಒಳಗೆ ಸಣ್ಣದಾಗಿ ಕಾಣುತ್ತಿದ್ದಳು.

ರುದ್ರೇಶ ಮೈಕಿನ ಮುಂದೆ ನಿಂತು ರೇಡಿಯೋ ದನಿ ಮಾಡಿಕೊಂಡು ಓದತೊಡಗಿದ. “ಶ್ರೀಯುತ ಹೆರಾಲ್ಡ್ ಕಾರ್ಟರ್ ಹಾಗೂ ಶ್ರೀಮತಿ...”

“ನಿಲ್ಲಿಸಿ,” ಎಂದಳು ಎಲ್ಸಿ.

ಕೃಷ್ಣವೇಣಿ ಹಣ್ಣಿನ ಬುಟ್ಟಿ ಎತ್ತಿಕೊಂಡಳು. ಎಲ್ಸಿ ಎದ್ದು, ಪೇಟವನ್ನು ಹಿಂದಕ್ಕೆ ತಳ್ಳಿ, ಮೈಕಿಗೆ ಕೈಯೊಡ್ಡಿದಳು. ರುದ್ರೇಶ ಕೊಟ್ಟ. ಕೊಡುವುದಿಲ್ಲ ಎನ್ನಲು ಬರುವಂಥ ಮುಖ ಎಲ್ಸಿಯದಾಗಿರಲಿಲ್ಲ.

“ಕಾರ್ಟರ್ ದಂಪತಿಗಳು ನನ್ನ ತಂದೆ ತಾಯಿ ಅಲ್ಲ,” ಎಂದಳು. ಇಂಗ್ಲಿಷಿನಲ್ಲಿ, ಭಾಷಣದ ದನಿಯಲ್ಲಲ್ಲ. “ನನ್ನ ಅಪ್ಪ ಸಾಲೊಮನ್ ಪೊಲಾಚೆಕ್. ಅಮ್ಮ ರೆಗೀನೆ ಪೊಲಾಚೆಕ್. ಈ ದೇಶಕ್ಕೆ ಮನೆಕೆಲಸಕ್ಕಾದರೂ ಬರ್ತೀವಿ, ಒಂದು ಸಹಿ ಹಾಕಿ ಅಂತ ಅಮ್ಮ ಮಿಸೆಸ್ ಕಾರ್ಟರ್‌ಗೆ ಕಾಗದ ಬರೆದಿದ್ದಳು. ಅವರ ಮನೆಯಲ್ಲಿ ಆಗಲೇ ಒಬ್ಬಳು ಕೆಲಸದವಳಿದ್ದಳು. ಅದಕ್ಕೆ ಬೇಡ ಅಂದರು.”

ಕೌನ್ಸಿಲರನ ಮುಖದ ಮೇಲಿನ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿದಿತ್ತು.

“ಇನ್ನೊಂದು ಮಾತಿದೆ. ಅದನ್ನ ನಾನು ಯಾರಿಗೂ ಹೇಳಿಲ್ಲ. ಆ ಕಾಗದವನ್ನ ಮಿಸೆಸ್ ಕಾರ್ಟರ್ ಚಹಾಕ್ಕೆ ಬಂದ ಗೆಳತಿಯರಿಗೆ ಓದಿ ತೋರಿಸಿದಳು. ಅಮ್ಮನ ಇಂಗ್ಲಿಷು ತಮಾಷೆಯಾಗಿತ್ತು. ಎಲ್ಲರೂ ನಕ್ಕರು. ನನಗೆ ಅಷ್ಟರಲ್ಲಿ ಅವರ ಭಾಷೆ ಬಂದುಬಿಟ್ಟಿತ್ತು. ನಾನೂ ನಕ್ಕೆ. ಅವರಲ್ಲೊಬ್ಬಳಾಗಬೇಕು ಅಂತ ಅಷ್ಟು ಆಸೆಯಿತ್ತು ನನಗೆ.”

ಇಷ್ಟೇ ಹೇಳಿ ಮೈಕನ್ನು ರುದ್ರೇಶನ ಕೈಗೆ ಕೊಟ್ಟು ಕೂತಳು. ಊಟದ ಪಾಳಿ ಹಿಡಿಯಲು ಎದ್ದಿದ್ದವರು ನಿಂತಲ್ಲೇ ನಿಂತರು. ಮುಂದಿನ ಸಾಲಿನಲ್ಲಿ ಹಲವರು ಪಕ್ಕದಲ್ಲಿದ್ದ ತಮ್ಮ ಮಕ್ಕಳ ಕಡೆ ನೋಡದೆ ನೆಲ ನೋಡುತ್ತಿದ್ದರು. ಊರಿಂದ ಬಂದ ಅಜ್ಜಿಯ ಇಂಗ್ಲಿಷಿಗೆ ಆ ಮಕ್ಕಳು ನಕ್ಕದ್ದು, ಜೊತೆಗೆ ತಾವೂ ನಕ್ಕದ್ದು, ಯಾವ ಮನೆಯಲ್ಲಿ ಆಗಿರಲಿಲ್ಲ?

ಕೌನ್ಸಿಲರ್ ಕೈಗಡಿಯಾರ ನೋಡಿದ. ರುದ್ರೇಶ ಮಹಾಲಿಂಗಪ್ಪನವರ ಕಿವಿಯಲ್ಲಿ, “ಎರಡನೇ ಪ್ಯಾರಾದಿಂದ ಓದ್ಲಾ ಸರ್?” ಎಂದ.

ಮಹಾಲಿಂಗಪ್ಪನವರು ಎಲ್ಸಿಯನ್ನೇ ನೋಡುತ್ತಿದ್ದರು.

“ಮೊದಲನೇ ಸಾಲ ತಪ್ಪಾದರ ಎರಡನೇದು ಏನ್ ಓದ್ತೀಯೋ?” ಎಂದರು ಕೊನೆಗೆ. ಮೈಕ್ ಅದನ್ನು ಹಾಲಿಗೆಲ್ಲ ಕೇಳಿಸಿತು. “ಹೆಸರು ಸರಿಯಾಗಿ ಕೇಳಿಕೊಂಡು ಮೊದಲಿನಿಂದ ಓದು. ಅಮ್ಮಾರ, ನಂದು ತಪ್ಪಾತ್ರಿ.”

ರುದ್ರೇಶ ಎಲ್ಸಿಯ ಹತ್ತಿರ ಬಗ್ಗಿ ಎರಡು ಹೆಸರನ್ನೂ ಕೇಳಿ ಅಂಗೈ ಮೇಲೆ ಬರೆದುಕೊಂಡ. ಈ ಸಲ ರೇಡಿಯೋ ದನಿ ಬರಲಿಲ್ಲ. “ಶ್ರೀಯುತ ಸಾಲೊಮನ್ ಪೊಲಾಚೆಕ್ ಹಾಗೂ ಶ್ರೀಮತಿ ರೆಗೀನೆ ಪೊಲಾಚೆಕ್ ದಂಪತಿಗಳ ಸುಪುತ್ರಿಯಾಗಿ ವಿಯೆನ್ನಾ ನಗರದಲ್ಲಿ ಜನಿಸಿದ ತಾವು...”

ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಓದಿದ್ದೇನೆಂದು ತಿಳಿಯದ ಕೌನ್ಸಿಲರನೂ ತಟ್ಟಿದ.

ಎಲ್ಸಿ ಅಪರಿಚಿತ ಮಾತುಗಳ ನಡುವೆ ಅಪ್ಪನ ಹೆಸರು ಕೇಳಿದಳು, ಅಮ್ಮನ ಹೆಸರು ಕೇಳಿದಳು. ಹೆದರಿದ್ದಂತೆಯೇ ಅವಳಿಗೆ ಅಳು ಬಂತು. ಯಾರಿದ್ದಾರೆ ಏನೆಂದು ನೋಡದೆ ಶಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹೆಸರಾದ ಮೇಲೆ ಏನೋ ಹೇಳಿದನಲ್ಲ, ಏನದು?” ಎಂದು ಕೃಷ್ಣವೇಣಿಯನ್ನು ಕೇಳಿದಳು.

“ನೀವು ಅವರ ಒಳ್ಳೆಯ ಮಗಳು ಅಂತ.”

ಎಲ್ಸಿ ತಲೆಯಲ್ಲಾಡಿಸಿದಳು. ಪೇಟ ಮತ್ತೆ ಹುಬ್ಬಿಗೆ ಇಳಿಯಿತು. ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. “ಒಳ್ಳೆಯ ಅನ್ನೋದು ಬೇಡ,” ಎಂದಳು. “ಮಗಳು ಅಂತ ಓದಿದರೆ ಸಾಕು. ಇನ್ನೊಂದು ಸಲ ಓದೋಕೆ ಹೇಳಿ ಅವನಿಗೆ.”